ಬಟ್ಟೆಯ ಕೈ

ನನ್ನ ಎಡಗೈ ಸತ್ತು ಹದಿನಾಲ್ಕು ತಿಂಗಳಾಯಿತು. ನೋಡಿದವರಿಗೆ ಹಾಗೆ ಅನಿಸುವುದಿಲ್ಲ. ಅದು ಈಗಲೂ ಈರುಳ್ಳಿ ಹಿಡಿಯುತ್ತದೆ, ಸೊಳ್ಳೆ ಹೊಡೆಯುತ್ತದೆ, ಸಿಟ್ಟು ಬಂದಾಗ ಗಂಡನ ಬೆನ್ನಿಗೆ ಗುದ್ದುತ್ತದೆ. ಸತ್ತಿರುವುದು ಅದರೊಳಗಿನ ದಾರಿ.

ಸಕ್ಕರೆ ಕಾಯಿಲೆ ನನ್ನ ಎರಡೂ ಕಿಡ್ನಿ ತಿಂದು ಹಾಕಿದೆ. ವಾರಕ್ಕೆ ಎರಡು ಸಲ, ನಾಲ್ಕು ನಾಲ್ಕು ಗಂಟೆ, ಯಂತ್ರವೇ ನನ್ನ ರಕ್ತ ತೊಳೆಯಬೇಕು. ಅದಕ್ಕೆ ರಕ್ತ ಜೋರಾಗಿ ಹರಿಯುವ ನಾಳ ಬೇಕು. ಡಾಕ್ಟರು ಮುಂಗೈ ಕೊಯ್ದು, ಒಳಗಿನ ಎರಡು ನಾಳಗಳನ್ನು ಕೂಡಿಸಿ ಹೊಲಿದು, ಆ ದಾರಿ ಮಾಡಿಕೊಡುತ್ತಾರೆ. ಅದರ ಹೆಸರು ಫಿಸ್ಟುಲಾ. ಅದರ ಮೇಲೆ ಬೆರಳಿಟ್ಟರೆ ಹೊಲಿಗೆ ಯಂತ್ರದ ಮೋಟಾರಿನ ಹಾಗೆ ಗುರ್ ಅನ್ನುತ್ತದೆ. ಆ ಗುರ್ ಇರುವವರೆಗೆ ನಾವಿದ್ದೇವೆ. ಅದು ನಿಂತರೆ ನಮ್ಮ ಲೆಕ್ಕವೂ ಬೇಗ ಮುಗಿಯುತ್ತದೆ.

ಎಡಗೈಯ ಗುರ್ ನಿಲ್ಲಿಸಿದ್ದು ಒಂದು ಸೂಜಿ. ಚುಚ್ಚಿದವನು ಡಯಾಲಿಸಿಸ್ ಕೆಲಸ ಕಲಿಯಲು ಬಂದ ಹುಡುಗ, ಆಮೇಲೆ ಆ ಕೋರ್ಸನ್ನೇ ಬಿಟ್ಟು ಹೋದ. ಸೂಜಿ ನಾಳದ ಮೇಲಿನ ಪದರ ದಾಟಿ ಕೆಳಗಿನ ಪದರವನ್ನೂ ದಾಟಿತು. ರಕ್ತ ಒಳಗೇ ಸೋರಿ ಕೈ ಊದಿತು, ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಹಾಳೆಯಲ್ಲಿ ಬರೆದರು: ‘ರೋಗಿ ಕೈ ಅಲ್ಲಾಡಿಸಿದ್ದಾರೆ.’ ನಾನು ಅಲ್ಲಾಡಿಸಿರಲಿಲ್ಲ. ಪೀಣ್ಯ ಎರಡನೇ ಹಂತದ ಗಾರ್ಮೆಂಟ್ಸಿನಲ್ಲಿ ಹದಿನಾರು ವರ್ಷ ಅಂಗಿಯ ಕಾಲರ್ ಹೊಲಿದವಳು ನಾನು. ಸೂಜಿಯ ಮುಂದೆ ಕೈ ಅಲ್ಲಾಡಿಸಬಾರದು ಅನ್ನುವುದನ್ನು ನನಗೆ ಯಾರೂ ಕಲಿಸಬೇಕಿಲ್ಲ.

ಆಮೇಲೆ ನಾಲ್ಕು ತಿಂಗಳು, ಯಂತ್ರಕ್ಕೆ ರಕ್ತ ಹೋಗಲು ಕತ್ತಿಗೆ ಕೊಳವೆ ಹಾಕಿಸಿಕೊಂಡು ಓಡಾಡಿದೆ. ಸ್ನಾನ ಮಾಡುವ ಹಾಗಿಲ್ಲ, ಬಗ್ಗುವ ಹಾಗಿಲ್ಲ. ಕೊಳವೆಗೆ ಕೀವಾಗಿ ಎರಡು ಸಲ ಚಳಿಜ್ವರ ಬಂದು ಮಂಚವೇ ನಡುಗಿತು. ಕೊನೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ಸರದಿ ಕಾದು ಬಲಗೈಗೆ ಫಿಸ್ಟುಲಾ ಮಾಡಿಸಿಕೊಂಡೆ. ಅಲ್ಲಿನ ಡಾಕ್ಟರು ಕನ್ನಡಕ ತೆಗೆದು ಹೇಳಿದರು.

“ನೋಡಮ್ಮ ಮಹಾದೇವಿ, ನಿನ್ನ ನಾಳಗಳು ದಾರದ ಹಾಗಿವೆ. ಇದೊಂದು ಹೋದ್ರೆ ನನ್ ಕೈಲಿ ಇನ್ನೊಂದು ಮಾಡಕ್ಕಾಗಲ್ಲ. ಮಗು ಥರ ನೋಡ್ಕೋ.”

ನೋಡಿಕೊಂಡೆ. ಆ ಕೈಯಲ್ಲಿ ಬಿಂದಿಗೆ ಎತ್ತಲಿಲ್ಲ, ಬಳೆ ತೊಡಲಿಲ್ಲ, ಆ ಮಗ್ಗುಲಿಗೆ ಮಲಗಲಿಲ್ಲ. ಕಾಲರ್ ಹೊಲಿಯುವ ಕೆಲಸ ಬಿಟ್ಟು, ವಾರಕ್ಕೆ ಮೂರು ದಿನ ಅದೇ ಕಾರ್ಖಾನೆಯಲ್ಲಿ ಸಿದ್ಧವಾದ ಅಂಗಿಗಳ ದಾರದ ತುದಿ ಕತ್ತರಿಸುವ ಕೆಲಸಕ್ಕೆ ಹೋದೆ. ಆದರೆ ಮಗುವನ್ನು ನಾನೊಬ್ಬಳೇ ನೋಡಿಕೊಂಡರೆ ಸಾಕೇ? ಸೋಮವಾರ ಮತ್ತು ಗುರುವಾರ ಅದನ್ನು ಒಯ್ದು ಡಯಾಲಿಸಿಸ್ ಸೆಂಟರಿನವರ ಕೈಗೆ ಒಪ್ಪಿಸಬೇಕಲ್ಲ.

ನಮ್ಮ ಸೆಂಟರ್ ಇರುವುದು ಮಾದನಾಯಕನಹಳ್ಳಿಯಲ್ಲಿ, ಸರ್ವಿಸ್ ರೋಡಿನ ಟೈಲ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಒಂದು ಧರ್ಮಾರ್ಥ ಟ್ರಸ್ಟಿನದು. ಹೆಸರು ಹೇಳಿ ಅವರಿಗೆ ಪುಕ್ಕಟೆ ಜಾಹೀರಾತು ಕೊಡಲು ನನಗೆ ಮನಸ್ಸಿಲ್ಲ. ಒಂದೇ ಹಾಲ್. ಕಿಟಕಿ ಕಡೆ ಐದು ಮಂಚ, ಗೋಡೆ ಕಡೆ ಆರು. ಕಿಟಕಿ ಕಡೆಯವರು ದುಡ್ಡು ಕೊಡುವವರು. ಗೋಡೆ ಕಡೆಯವರು ಸರ್ಕಾರಿ ಯೋಜನೆಯ ಕಾರ್ಡಿನವರು. ನಮ್ಮ ಪರವಾಗಿ ಸರ್ಕಾರ ಕೊಡುತ್ತದೆ, ಆದರೂ ನಮ್ಮನ್ನು ಅವರು ಕರೆಯುವುದು ‘ಫ್ರೀ’ ಎಂದೇ. ಟೀವಿ ಕಿಟಕಿ ಕಡೆಗೆ ಮುಖ ಮಾಡಿದೆ. ನಮಗೆ ಅದರ ಬೆನ್ನು ಮತ್ತು ವೈರು ಕಾಣುತ್ತದೆ, ಮಾತು ಮಾತ್ರ ಕೇಳುತ್ತದೆ. ಎರಡು ವರ್ಷದಲ್ಲಿ ನಾನು ಎಷ್ಟೋ ಧಾರಾವಾಹಿಗಳನ್ನು ಮುಖ ನೋಡದೆ ಮುಗಿಸಿದ್ದೇನೆ.

ಟೀವಿಯ ಬೆನ್ನು ನೋಡಿಕೊಂಡಾದರೂ ಇರಬಹುದು. ಸೂಜಿಯ ವಿಷಯ ಹಾಗಲ್ಲ. ಡಯಾಲಿಸಿಸ್ ಸೂಜಿಯೆಂದರೆ ಗೋಣಿಚೀಲ ಹೊಲಿಯುವ ದಬ್ಬಳದ ತಮ್ಮ. ಒಂದು ಸಲಕ್ಕೆ ಎರಡು ಚುಚ್ಚಬೇಕು. ಕೈ ಪಳಗಿದ ಶ್ಯಾಮಲಾ ಸಿಸ್ಟರ್ ಚುಚ್ಚಿದರೆ ಇರುವೆ ಕಡಿದಷ್ಟೇ ನೋವು. ಶ್ಯಾಮಲಾ ಸಿಸ್ಟರ್ ಕಿಟಕಿ ಕಡೆಗೆ ಮಾತ್ರ. ಟ್ರಸ್ಟಿನದೇ ಒಂದು ಕಾಲೇಜಿದೆ, ಅಲ್ಲಿಂದ ಡಯಾಲಿಸಿಸ್ ಕೆಲಸ ಕಲಿಯಲು ಹುಡುಗರು ಬರುತ್ತಾರೆ. ಅವರು ಗೋಡೆ ಕಡೆಗೆ ಮಾತ್ರ. ಇದನ್ನು ಎಲ್ಲಿಯೂ ಬರೆದಿರಲಿಲ್ಲ. ಬರೆಯದೆ ನಡೆಯುವ ನಿಯಮಗಳೇ ನಮ್ಮ ದೇಶದಲ್ಲಿ ಚೆನ್ನಾಗಿ ನಡೆಯುತ್ತವೆ.

ನಾನು ಸೂಪರ್‌ವೈಸರ್ ನಂದೀಶನನ್ನು, ನಮಗೂ ಶ್ಯಾಮಲಾ ಸಿಸ್ಟರೇ ಚುಚ್ಚಲಿ ಎಂದು ಎಷ್ಟೋ ಸಲ ಕೇಳಿದೆ. ಒಂದು ಸಲ ಬರೆದೂ ಕೊಟ್ಟೆ. ಬಿಳಿ ಪ್ಯಾಂಟು, ಬಿಳಿ ಬೂಟು, ಜೇಬಿನಲ್ಲಿ ಮೂರು ಪೆನ್ನು ಅವನ ವೇಷ.

“ಹುಡುಗ್ರು ಎಲ್ಲಾದ್ರೂ ಕಲೀಬೇಕಲ್ವಮ್ಮ,” ಅಂದ.

“ಆ ಕಡೆನೂ ಕೈ ಅದಾವಲ್ರೀ,” ಅಂದೆ.

“ಅವ್ರು ಪೇಷಂಟು, ದುಡ್ ಕೊಡ್ತಾರೆ. ನೀವು ಸ್ವಲ್ಪ ಸಹಕರಿಸ್ಬೇಕು.”

ನಾವು ಏನು ಅನ್ನುವುದನ್ನು ಅವನು ಹೇಳಲಿಲ್ಲ. ನಾವು ಬಹುಶಃ ಪಾಠದ ಪುಸ್ತಕ.

ಕಿಟಕಿ ಕಡೆಯ ಮೊದಲನೇ ಮಂಚ ಚಿಕ್ಕಬೈರಪ್ಪನವರದು. ಅವರು ನಮ್ಮ ಮನೆಯ ಓನರ್. ಅವರ ರಾಗಿ ಹೊಲದ ಮೇಲೆ ಈಗ ಮೂರು ಗೋದಾಮು ನಿಂತಿವೆ. ಕೊಪ್ಪಳದ ಕಡೆಯಿಂದ ಬಂದ ನಮಗೆ ಅವರು ಬಾಡಿಗೆಗೆ ಕೊಡುವ ಮುಂಚೆ ‘ನೀವು ಯಾವ ಜನ’ ಎಂದು ಕೇಳಿ ತಿಳಿದುಕೊಂಡು, ಮನೆಯ ಹಿಂದಿನ ಶೀಟಿನ ಕೋಣೆ ಕೊಟ್ಟರು. ಅವರ ಬೋರ್‌ವೆಲ್ ನಲ್ಲಿಯನ್ನು ನಾವು ಮುಟ್ಟುವ ಹಾಗಿಲ್ಲ, ಪೈಪು ಎಳೆದು ಕೊಡುತ್ತಾರೆ. ಸೆಂಟರಿನ ಯಂತ್ರಗಳಿಗೆ ಅಷ್ಟು ತಿಳಿವಳಿಕೆ ಇಲ್ಲ. ಸೋಮವಾರ ನನಗೆ ಹಚ್ಚುವ ಯಂತ್ರವನ್ನೇ ಮಂಗಳವಾರ ಕಿಟಕಿ ಕಡೆಗೆ ತಳ್ಳಿ ಅವರ ಭಾವಮೈದುನನಿಗೆ ಹಚ್ಚುತ್ತಾರೆ.

ನನ್ನ ಪಕ್ಕದ ಮಂಚ ಪಾಪಯ್ಯನದು. ಮಾಗಡಿ ಕಡೆಯ ಮುದುಕ, ಪೀಣ್ಯದ ಫೋರ್ಜಿಂಗ್ ಶೆಡ್ಡಿನಲ್ಲಿ ಮೂವತ್ತು ವರ್ಷ ಕಾದು ಕೆಂಪಾದ ಕಬ್ಬಿಣ ಹಿಡಿದು ಬಡಿದ ಕೈ. ಸಕ್ಕರೆಗೆ ಕಾಲಿನ ಎರಡು ಬೆರಳು ಕೊಟ್ಟಿದ್ದ. ಅವನನ್ನು ನಗಿಸುವುದು ಸುಲಭ, ಸುಮ್ಮನಿರಿಸುವುದು ಕಷ್ಟ. ಆ ತಿಂಗಳು ನಮ್ಮ ಕಡೆಗೆ ಬಂದಿದ್ದ ಹೊಸ ಹುಡುಗ ಲಿಖಿತ್. ಹತ್ತೊಂಬತ್ತು ವರ್ಷ, ಮೀಸೆ ಇನ್ನೂ ಅರ್ಜಿ ಹಾಕಿಕೊಂಡಿತ್ತು. ಸೂಜಿ ಹಿಡಿದರೆ ನಮಗಿಂತ ಮೊದಲು ಅವನೇ ಕಣ್ಣು ಮುಚ್ಚುತ್ತಿದ್ದ.

ಒಂದು ಗುರುವಾರ ಲಿಖಿತ್ ಪಾಪಯ್ಯನ ಕೈಗೆ ಚುಚ್ಚಿದ. ಸಿಗಲಿಲ್ಲ. ಮತ್ತೆ ಚುಚ್ಚಿದ. ಸಿಗಲಿಲ್ಲ. ಮೂರನೇ ಸಲಕ್ಕೆ ಪಾಪಯ್ಯನ ಮುಂಗೈ ಕಣ್ಣೆದುರೇ ಉಬ್ಬಿತು.

“ಓಗ್ಲಿ ಬುಡಪ್ಪ,” ಅಂದ ಪಾಪಯ್ಯ, ಹಲ್ಲು ಕಚ್ಚಿಕೊಂಡೇ. “ನಾನೂ ಸುರೂನಾಗೆ ಸುತ್ತಿಗೇನ ಕಬ್ಬಿಣಕ್ ಒಡೀದೆ ಮೇಸ್ತ್ರಿ ಕಾಲ್ಗೇ ಒಡ್ದಿದ್ದೆ.”

ನಂದೀಶ ಬಂದು ನೋಡಿ ಹಾಳೆಯಲ್ಲಿ ಬರೆದ. ಓದದೆಯೂ ನನಗೆ ಗೊತ್ತಿತ್ತು. ಮುಂದಿನ ಸೋಮವಾರ ಪಾಪಯ್ಯ ಕತ್ತಿಗೆ ಕೊಳವೆ ಹಾಕಿಸಿಕೊಂಡು ಬಂದ. ಅದರ ಸುತ್ತ ಪ್ಲಾಸ್ಟರ್ ಹಚ್ಚಿದ್ದರು. ಅವನು ನಕ್ಕ. ನನಗೆ ನಗು ಬರಲಿಲ್ಲ. ಮುಂದಿನ ಮಂಚ ನನ್ನದು, ಮುಂದಿನ ಕೈ ನನ್ನದು.

ಕಾರ್ಖಾನೆಯಲ್ಲಿ ಅಂಗಿಗಳ ದಾರ ಕತ್ತರಿಸುತ್ತ ಕುಳಿತಾಗ ನನಗೆ ಹೊಟ್ಟೆ ಉರಿಯಿತು. ನಮ್ಮ ಗಾರ್ಮೆಂಟ್ಸಿನಲ್ಲಿ ಹೊಸದಾಗಿ ಸೇರಿದ ಟೈಲರಿಗೆ ಯಾರೂ ಅಂಗಿ ಕೊಡುವುದಿಲ್ಲ. ಮೊದಲು ಕಾಗದ ಕೊಡುತ್ತಾರೆ. ಕಾಗದದ ಮೇಲೆ ಗೆರೆ ಇರುತ್ತದೆ. ದಾರ ಹಾಕದ ಸೂಜಿಯಲ್ಲಿ ಆ ಗೆರೆಯ ಮೇಲೇ ಹೊಲಿಯಬೇಕು. ನೆಟ್ಟಗೆ ಬಂದ ಮೇಲೆ ಚಿಂದಿ ಬಟ್ಟೆ. ಚಿಂದಿಯಲ್ಲಿ ನೆಟ್ಟಗೆ ಬಂದ ಮೇಲೆ ಅಂಗಿ. ನಾನು ಹನ್ನೊಂದು ದಿನ ಕಾಗದ ಹೊಲಿದಿದ್ದೆ. ಒಂದು ಸೂಜಿ ಮುರಿದರೆ ಇಡೀ ಸಾಲು ನಿಲ್ಲುತ್ತದೆ. ಅಯಸ್ಕಾಂತ ಹಿಡಿದು ನೆಲವೆಲ್ಲ ಗುಡಿಸಿ, ಚೂರು ಹುಡುಕಿ, ಹಾಳೆಗೆ ಅಂಟಿಸಿ, ಸೂಪರ್‌ವೈಸರ್ ಸಹಿ ಹಾಕಿದ ಮೇಲೇ ಹೊಸ ಸೂಜಿ. ಯಾವುದೋ ದೇಶದ ಯಾರದೋ ಕತ್ತಿಗೆ ಚುಚ್ಚಬಾರದಲ್ಲ. ನಾವು ಹೊಲಿದ ಅಂಗಿಗಳಿಗೆ ಇಷ್ಟು ಮರ್ಯಾದೆ ಇದೆ. ಹೊಲಿದ ಕೈಗೆ ಇಲ್ಲ.

ಸಂಜೆ ಬರುವಾಗ ಸೋಫಾ ಹೊಲಿಯುವ ಅಂಗಡಿಯಿಂದ ರೆಕ್ಸಿನ್ ಚೂರು ಬೇಡಿ ತಂದೆ. ಮೆಡಿಕಲ್ ಸ್ಟೋರಿನಲ್ಲಿ ತೆಳ್ಳನೆಯ ರಬ್ಬರ್ ಕೊಳವೆ ತಂದೆ. ಒಳಗೆ ತುಂಬಲು ಕಾರ್ಖಾನೆಯ ಚಿಂದಿ ಇತ್ತು. ಮೂರು ದಿನದಲ್ಲಿ ಒಂದು ಕೈ ಹೊಲಿದೆ. ಮೊಣಕೈಯಿಂದ ಬೆರಳ ತುದಿಯವರೆಗೆ ಐದು ಬೆರಳೂ ಸರಿಯಾಗಿ. ರೆಕ್ಸಿನ್ನಿನ ಕೆಳಗೆ ನಾಳದ ಜಾಗದಲ್ಲಿ ಕೊಳವೆ ಕೂರಿಸಿದೆ, ನನ್ನ ನಾಳದ ಹಾಗೆಯೇ ಸ್ವಲ್ಪ ಸೊಟ್ಟಗೆ. ಕೊಳವೆಯ ಅಡಿಗೆ, ಎರಡೂ ಮಗ್ಗುಲಿಗೆ ಹೊರಗೆ ಕಾಣುವ ಹಾಗೆ ಬಿಳಿ ಬಟ್ಟೆ ಹಾಸಿದೆ, ಸೂಜಿ ಕೆಳಗೆ ತೂರಿದರೆ ಎಲ್ಲರಿಗೂ ಕಾಣಲಿ ಎಂದು. ಕೊಳವೆಯ ಒಂದು ತುದಿ ಕಟ್ಟಿದೆ. ಇನ್ನೊಂದನ್ನು ಖಾಲಿ ಗ್ಲೂಕೋಸ್ ಬಾಟಲಿಗೆ ಸೇರಿಸಿ, ಅದರ ತುಂಬ ಅರಿಶಿನಕ್ಕೆ ಸುಣ್ಣ ಕದಡಿದ ಆರತಿಯ ಕೆಂಪು ನೀರು ತುಂಬಿದೆ. ಬರಿಗೈ ಚೆಂದ ಕಾಣಲಿಲ್ಲ. ಎರಡು ಹಸಿರು ಬಳೆ ತೊಡಿಸಿದೆ.

ನನ್ನ ಗಂಡ ಮುತ್ತಣ್ಣ ಗೋದಾಮಿನಲ್ಲಿ ಲಾರಿಗೆ ಚೀಲ ಹೊರುವವನು. ಊಟಕ್ಕೆ ಕೂತವನು ಕೈ ನೋಡಿ ತುತ್ತು ನಿಲ್ಲಿಸಿದ.

“ನನಗೂ ಇಂಥಾದ್ದೊಂದು ಹೊಲಿದು ಕೊಡು,” ಅಂದ. “ಮೂರನೇ ಕೈ ಇದ್ರ ದಿನಕ್ಕ ಇನ್ನೂ ನಾಕು ಚೀಲ ಹೊರ್ತೀನಿ.”

“ನಗಬ್ಯಾಡ. ನನಗ ಹೆದರಿಕಿ ಆಗೇತಿ.”

“ಅವರು ಹೊರಗ ಹಾಕಿದ್ರ?”

ಅದೇ ನನ್ನ ಹೆದರಿಕೆ. ಬೇರೆ ಸೆಂಟರಿನಲ್ಲಿ ಜಾಗ ಸಿಗಲು ಮೂರು ತಿಂಗಳು ಕಾಯಬೇಕು. ಡಯಾಲಿಸಿಸ್ ಇಲ್ಲದೆ ನಾನು ಮೂರು ವಾರ ಕಾಯಲಾರೆ. ಮುತ್ತಣ್ಣ ತಟ್ಟೆ ತೊಳೆದು ಬಂದು, ಬಟ್ಟೆಯ ಕೈಯನ್ನು ಟವೆಲ್ಲಿನಲ್ಲಿ ಸುತ್ತಿ ನನ್ನ ಚೀಲಕ್ಕೆ ಇಟ್ಟ.

ಮರುವಾರದ ಸೋಮವಾರ ಬೆಳಿಗ್ಗೆ ಏಳಕ್ಕೆ ಮಂಚ ಏರಿದೆ. ಮೈಯಲ್ಲಿ ಮೂರು ಕಿಲೋ ನೀರು ನಿಂತಿತ್ತು. ಮಲಗಿದರೆ ಉಸಿರು ಕಟ್ಟುತ್ತಿತ್ತು, ಆದ್ದರಿಂದ ಕೂತೇ ಇದ್ದೆ. ಲಿಖಿತ್ ಟ್ರೇ ಹಿಡಿದು ಬಂದ. ನಾನು ಬಲಗೈಯನ್ನು ಹೊದಿಕೆಯೊಳಗೆ ಸೇರಿಸಿ, ಚೀಲದಿಂದ ಬಟ್ಟೆಯ ಕೈ ತೆಗೆದು ಮುಂದೆ ಚಾಚಿದೆ. ಬಾಟಲಿಯನ್ನು ಕಂಬಕ್ಕೆ ನೇತುಹಾಕಿದೆ.

“ಏನಕ್ಕ ಇದು?”

“ನನ್ನ ಕೈ. ಇದಕ್ಕ ಚುಚ್ಚು. ಹತ್ತು ಸಲ ಸರಿಯಾಗಿ ಚುಚ್ಚಿದ ಮ್ಯಾಲೆ ಒಳಗಿನ ಕೈ ಹೊರಗ ತೆಗಿತೀನಿ.”

ಲಿಖಿತ್ ಬಳೆಗಳನ್ನು ನೋಡಿದ, ನನ್ನನ್ನು ನೋಡಿದ, ಟ್ರೇ ಇಟ್ಟು ನಂದೀಶನನ್ನು ಕರೆಯಲು ಓಡಿದ.

ನಂದೀಶ ಬಂದ. “ಏನಮ್ಮ, ಬೆಳಬೆಳಗ್ಗೆ ನಾಟಕ ಶುರು ಮಾಡಿದೀಯಾ? ಕೈ ಕೊಡು.”

“ಕೊಟ್ಟೀನಲ್ರೀ.”

“ನಿಂಗೆ ಡಯಾಲಿಸಿಸ್ ಬೇಡ್ವಾ? ಬೇಡ ಅಂದ್ರೆ ಬರ್ಕೊಟ್ಟು ಹೊರಡು.” ಅವನು ಒಂದು ಫಾರಂ ತಂದು ನನ್ನ ತೊಡೆಯ ಮೇಲೆ ಹಾಕಿದ. ನನ್ನ ಸ್ವಂತ ಇಚ್ಛೆಯಿಂದ ಚಿಕಿತ್ಸೆ ನಿರಾಕರಿಸುತ್ತಿದ್ದೇನೆ ಎಂದು ಅಚ್ಚು ಹಾಕಿತ್ತು.

“ನಾ ಚಿಕಿತ್ಸೆ ಬ್ಯಾಡ ಅನ್ನಾಕತ್ತಿಲ್ಲ. ಕಲಿಯೋ ಸೂಜಿ ಬ್ಯಾಡ ಅನ್ನಾಕತ್ತೀನಿ. ಅದಕ್ಕ ಬ್ಯಾರೆ ಫಾರಂ ಐತೇನ್ರೀ?”

ಪಾಪಯ್ಯ ಕಿಸಕ್ಕೆಂದು ನಕ್ಕ. ಅವನ ಆಚೆಗಿದ್ದ ಹೆಂಗಸು ಮೆಲ್ಲಗೆ ತನ್ನ ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡಳು. ಅವಳ ಆಚೆಯವನೂ ಎಳೆದುಕೊಂಡ. ಗೋಡೆ ಕಡೆಯ ಕೈಗಳೆಲ್ಲ ಒಂದೊಂದಾಗಿ ಒಳಗೆ ಹೋದವು. ನಾವು ಮಾತಾಡಿಕೊಂಡಿರಲಿಲ್ಲ. ಪಾಪಯ್ಯನಿಗೆ ಕೈ ಅಡಗಿಸುವ ಕೆಲಸವಿರಲಿಲ್ಲ, ಅವನಿಗೆ ಕತ್ತಿನಲ್ಲಿ ಕೊಳವೆ. ಆದರೂ ಹೊದಿಕೆಯನ್ನು ಗದ್ದದವರೆಗೆ ಎಳೆದುಕೊಂಡು ಮದುಮಗಳಂತೆ ಮಲಗಿದ. ಸಿದ್ಧವಾಗಿ ನಿಂತ ಆರು ಯಂತ್ರಗಳು ರಕ್ತ ಎಲ್ಲಿ ಎಂದು ಕೀಕ್ ಕೀಕ್ ಎನ್ನತೊಡಗಿದವು.

ಕಿಟಕಿ ಕಡೆಯವರಿಗೆ ಟೀವಿಗಿಂತ ಇದೇ ಚೆನ್ನಾಗಿತ್ತು. ಚಿಕ್ಕಬೈರಪ್ಪನವರು ಎದ್ದು ಕೂತರು. ಅವರಿಗೂ ಇನ್ನೂ ಸೂಜಿ ಹಾಕಿರಲಿಲ್ಲ.

“ಅದೇನವ್ವ ಮಾದೇವಿ, ಬಳೆ ಬೇರೆ ತೊಡ್ಸಿದ್ದೀಯ. ನಂದೀಶ, ಒಂದ್ಸಲ ಚುಚ್ಬುಡಯ್ಯ ಅತ್ಲಾಗೆ. ಬಟ್ಟೆ ಕೈ ತಾನೆ.”

ನಂದೀಶನಿಗೆ ಅದು ಒಳ್ಳೆಯ ಉಪಾಯವಾಗಿ ಕಂಡಿತು. ಎಲ್ಲರ ಮುಂದೆ ಒಂದೇ ಏಟಿಗೆ ಚುಚ್ಚಿ ತೋರಿಸಿದರೆ ನನ್ನ ಬಾಯಿ ಮುಚ್ಚುತ್ತದೆ.

“ನೋಡ್ಕೊಳ್ಳೋ,” ಎಂದು ಲಿಖಿತನಿಗೆ ಹೇಳಿ, ಸೂಜಿಯ ಮುಚ್ಚಳವನ್ನು ಹಲ್ಲಿನಿಂದ ತೆಗೆದ. ಹಲ್ಲಿನಿಂದ ತೆಗೆದದ್ದನ್ನು ನಾವೆಲ್ಲ ನೋಡಿದೆವು. ಕೈಯಿಂದ ಮುಟ್ಟಿ ನಾಳ ಎಲ್ಲಿದೆ ಎಂದು ನೋಡಲೇ ಇಲ್ಲ. ಒಂದೇ ಏಟಿಗೆ ಇಳಿಸಿದ.

ಸೂಜಿ ಕೊಳವೆಯ ಮೇಲಿಂದ ಹೋಗಿ ಕೆಳಗೆ ಬಂತು. ಬಿಳಿ ಬಟ್ಟೆ ಕೆಂಪಾಯಿತು. ಅವನು ಗಾಬರಿಯಾಗಿ ಸೂಜಿ ಹಿಂದಕ್ಕೆಳೆದ. ಬಾಟಲಿ ಎತ್ತರದಲ್ಲಿತ್ತು. ಎರಡೂ ತೂತುಗಳಿಂದ ಆರತಿ ನೀರು ಚಿಮ್ಮಿ ಅವನ ಬಿಳಿ ಪ್ಯಾಂಟಿನ ಮೇಲೆ, ಬಿಳಿ ಬೂಟಿನ ಮೇಲೆ, ಮೂರು ಪೆನ್ನಿನ ಮೇಲೆ ಬಿತ್ತು. ಅರಿಶಿನದ ಕಲೆ ಯಾವ ಸೋಪಿಗೂ ಹೋಗುವುದಿಲ್ಲ.

ಹೊದಿಕೆಯೊಳಗಿಂದ ಪಾಪಯ್ಯ ಹೇಳಿದ. “ಕೈ ಅಲ್ಲಾಡುಸ್ತು ಸಾ. ಅಂಗಂತ ಬರ್ಕಳಿ.”

ಗೋಡೆ ಕಡೆ ನಗೆ ಎದ್ದಿತು. ನಾನು ನಕ್ಕು ನಕ್ಕು ಉಸಿರು ಸಿಗದೆ ಕೆಮ್ಮಿದೆ. ಲಿಖಿತ್ ಗೋಡೆಗೆ ಮುಖ ಮಾಡಿ ನಿಂತ, ಭುಜ ಕುಣಿಯುತ್ತಿತ್ತು. ಕಿಟಕಿ ಕಡೆಯವರೂ ನಕ್ಕರು. ಚಿಕ್ಕಬೈರಪ್ಪನವರು ಎಲ್ಲರಿಗಿಂತ ಜೋರಾಗಿ ನಕ್ಕರು, ಆಮೇಲೆ ಎಲ್ಲರಿಗಿಂತ ಮೊದಲು ನಿಲ್ಲಿಸಿದರು.

“ಏ ನಂದೀಶ,” ಅಂದರು. “ಓದ್ ತಿಂಗ್ಳು ಶ್ಯಾಮಲಾ ರಜಾ ಆಕಿದ್ಲಲ್ಲ. ಆವತ್ತು ನನ್ ಕೈಗ್ ಚುಚ್ಚಿದ್ದು ನೀನೇ ತಾನೆ?”

ನಂದೀಶ ಬಗ್ಗಿ ಬೂಟಿನ ಮೇಲಿನ ಕೆಂಪು ಒರೆಸತೊಡಗಿದ.

“ಎಂಟ್ ದಿನ ಕಪ್ಪಗಿತ್ತು ಕೈ. ನನ್ ರಕ್ತಾನೇ ಸರಿಯಿಲ್ಲ ಅಂದ್ಯಲ್ಲೋ.” ಅವರು ತಮ್ಮ ಕೈಯನ್ನು ಎದೆಗೆ ಒತ್ತಿಕೊಂಡರು. “ಶ್ಯಾಮಲಾ, ನೀನ್ ಇಲ್ಲೇ ನಿಂತ್ಕ. ಎಲ್ಗೂ ಓಗ್ಬ್ಯಾಡ.”

ನಮ್ಮ ಪರವಾಗಿಯೂ ಒಂದು ಮಾತು ಹೇಳುತ್ತಾರೆ ಎಂದು ನಾನು ಕಾದೆ. ಅವರು ಹೇಳಲಿಲ್ಲ. ಕಿಟಕಿ ಕಡೆಯ ಐದೂ ಜನ ಶ್ಯಾಮಲಾ ಸಿಸ್ಟರನ್ನು ಕರೆದರು. ನಮ್ಮ ಕಡೆ ಯಾರೂ ತಿರುಗಲಿಲ್ಲ. ಆಗ ನನಗೆ ಬಂದ ಸಿಟ್ಟು ನಂದೀಶನ ಮೇಲೆ ಕೂಡ ಬಂದಿರಲಿಲ್ಲ.

ಶ್ಯಾಮಲಾ ಸಿಸ್ಟರ್ ಹನ್ನೆರಡು ವರ್ಷದಿಂದ ಅಲ್ಲಿ ಕೆಲಸ ಮಾಡುವವರು. ಜಾಸ್ತಿ ಮಾತಿಲ್ಲ. ಅವರು ಟ್ರೇ ಎತ್ತಿಕೊಂಡು ಕಿಟಕಿ ಕಡೆಯಿಂದ ಹಾಲ್ ದಾಟಿ ಬಂದು ನನ್ನ ಮಂಚದ ಪಕ್ಕ ನಿಂತರು.

“ಕೈ ತೆಗೀರಿ ಮಹಾದೇವಿ. ನಿಮಗೆ ಉಸಿರಾಡಕ್ಕೆ ಕಷ್ಟ ಆಗ್ತಿದೆ.”

“ಶ್ಯಾಮಲಾ,” ನಂದೀಶನಿಗೆ ದನಿ ಬಂತು. “ನೀವ್ ಇಲ್ಲಿ ಬಂದ್ರೆ ಆ ಕಡೆ ಯಾರ್ ಮಾಡ್ತಾರೆ?”

“ಲಿಖಿತ್ ಇದಾನಲ್ಲ ಸಾರ್.”

ಕಿಟಕಿ ಕಡೆಯ ಐದು ಕೈಗಳು ಐದು ಹೊದಿಕೆಯೊಳಗೆ ಹೋದ ವೇಗವನ್ನು ನೀವು ನೋಡಬೇಕಿತ್ತು. ಚಿಕ್ಕಬೈರಪ್ಪನವರು ಎಡಗೈಯಲ್ಲಿ ಫೋನ್ ತೆಗೆದು ಟ್ರಸ್ಟಿನ ಕಾರ್ಯದರ್ಶಿಗೇ ಹಚ್ಚಿದರು. ನಂದೀಶನಿಗೆ ಚುಚ್ಚಲು ಬರುವುದಿಲ್ಲ, ಹುಡುಗನಿಗೂ ಬರುವುದಿಲ್ಲ, ನಮ್ಮ ಪ್ರಾಣದ ಗತಿಯೇನು ಎಂದು ಕೇಳಿದರು. ಕಾಲು ಗಂಟೆಯಲ್ಲಿ ಆಜ್ಞೆ ಬಂತು. ಕೆಲಸ ಕಲಿಯುವವರು ಸರಿಯಾಗಿ ಕಲಿಯುವವರೆಗೆ ಯಾರ ಕೈಯನ್ನೂ ಮುಟ್ಟಬಾರದು. ಅಲ್ಲಿಯವರೆಗೆ ಹನ್ನೊಂದು ಜನಕ್ಕೂ ಶ್ಯಾಮಲಾ. ನಾನು ಎರಡು ವರ್ಷ ಬಾಯಲ್ಲಿ ಕೇಳಿದ್ದೆ, ಕಾಗದದಲ್ಲಿ ಬರೆದಿದ್ದೆ, ಒಂದು ಕೈಯನ್ನೇ ಕೊಟ್ಟಿದ್ದೆ. ಅವರಿಗೆ ಒಂದು ಫೋನ್ ಸಾಕಾಯಿತು.

ಬಟ್ಟೆಯ ಕೈ ಸೆಂಟರಿನಲ್ಲೇ ಉಳಿಯಿತು. ಕೊಳವೆ ತೂತಾದಾಗಲೆಲ್ಲ ನಾನು ಬದಲಿಸಿ ಹೊಲಿದೆ. ಲಿಖಿತ್ ನನ್ನ ಮಂಚದ ಪಕ್ಕ ಸ್ಟೂಲ್ ಹಾಕಿಕೊಂಡು ಕಲಿತ. ಬಲಗೈಗೆ ಯಂತ್ರ ಹಚ್ಚಿಕೊಂಡು ಮಲಗಿ ನಾನೇ ಹೇಳಿಕೊಟ್ಟೆ.

“ಕಣ್ಣು ಮುಚ್ಚಬ್ಯಾಡ. ಮದ್ಲ ಬೆರಳಿಟ್ಟು ನೋಡು, ಕೊಳವಿ ಯಾ ಕಡೆ ಹೊಂಟೈತಿ ಅಂತ. ಸೂಜಿ ಮಲಗಿಸಿ ಒಳಗ ಬಿಡು. ನಿಂತ ಸೂಜಿ ಕೆಳಗ ಹೊಕ್ಕೈತಿ.”

“ನಂಗೆ ಇದನ್ನ ಯಾರೂ ಹೇಳ್ಕೊಡ್ಲಿಲ್ಲ ಅಕ್ಕ,” ಅಂದ ಒಂದು ದಿನ. “ಫೋನಲ್ಲಿ ವಿಡಿಯೋ ನೋಡ್ಕೊಂಡ್ ಬಂದು ನಿಮಗೆಲ್ಲ ಚುಚ್ತಿದ್ದೆ. ಕಾಲೇಜಿಗೆ ನಮ್ಮಪ್ಪ ಕಟ್ಟಿದ್ ಫೀಸಿಗೆ ನಂಗೆ ಸಿಕ್ಕಿದ್ದು ನಿಮ್ ಕೈಗಳು.”

ಅವನ ಮೇಲಿದ್ದ ಸಿಟ್ಟು ಅವತ್ತು ಹೋಯಿತು. ಪಾಪಯ್ಯ ಪಕ್ಕದ ಮಂಚದಿಂದ ಪ್ರತಿ ಚುಚ್ಚಿಗೂ ಅಂಕ ಕೊಡುತ್ತಿದ್ದ. ಚಿಕ್ಕಬೈರಪ್ಪನವರೂ ಟೀವಿ ಬಿಟ್ಟು ನೋಡುತ್ತಿದ್ದರು. ತೂರಿತು ಎಂದು ಅವರು, ತೂರಲಿಲ್ಲ ಎಂದು ಪಾಪಯ್ಯ, ಇಬ್ಬರಿಗೂ ಜಗಳ.

ನಾಲ್ಕನೇ ವಾರ ಪಾಪಯ್ಯ ಬರಲಿಲ್ಲ. ಕತ್ತಿನ ಕೊಳವೆಗೆ ಕೀವಾಗಿ ರಕ್ತಕ್ಕೆ ಸೇರಿತ್ತು. ಎರಡು ದಿನ ನಡುಗಿದನಂತೆ, ಮೂರನೇ ದಿನ ಬೆಳಿಗ್ಗೆ ನಡುಕ ನಿಂತಿತಂತೆ. ನಂದೀಶ ಫೈಲಿಗೆ ಬರೆದದ್ದನ್ನು ಲಿಖಿತ್ ನನಗೆ ಓದಿ ಹೇಳಿದ. ‘ರೋಗಿ ಸ್ವಚ್ಛತೆ ಕಾಪಾಡಿಕೊಂಡಿಲ್ಲ.’ ಮೂವತ್ತು ವರ್ಷ ಮಸಿಯಲ್ಲಿ ದುಡಿದು, ದಿನಾ ಸಂಜೆ ಸೀಗೆಪುಡಿ ಹಾಕಿ ಕೈ ತಿಕ್ಕಿಕೊಂಡು ಮನೆಗೆ ಹೋಗುತ್ತಿದ್ದ ಮನುಷ್ಯ. ನಾನು ಹೊದಿಕೆ ಮುಖಕ್ಕೆ ಎಳೆದುಕೊಂಡು ಅತ್ತೆ. ಅಳುತ್ತಲೇ ಅವನ ಮಂಚಕ್ಕೆ ಹೊಸಬರನ್ನು ಕರೆತಂದ ಸದ್ದು ಕೇಳಿದೆ.

ಅದೇ ವಾರ ಟ್ರಸ್ಟಿನವರು ಗೋಡೆಗೆ ಒಂದು ಹಾಳೆ ಅಂಟಿಸಿದರು. ಅಚ್ಚುಕಟ್ಟಾಗಿ ಟೈಪ್ ಮಾಡಿದ ಕನ್ನಡ. ತರಬೇತಿಯವರು ಮೊದಲು ಕೃತಕ ಕೈಯ ಮೇಲೆ, ತೃಪ್ತಿಕರವೆನಿಸಿದ ಮೇಲೆ ಯೋಜನೆಯ ರೋಗಿಗಳ ಮೇಲೆ, ಮೂರು ತಿಂಗಳ ಅನುಭವದ ನಂತರ ಇತರ ರೋಗಿಗಳ ಮೇಲೆ ಸೂಜಿ ಪ್ರಯೋಗ ಮಾಡತಕ್ಕದ್ದು. ನಾನು ಎರಡು ಸಲ ಓದಿದೆ. ಬರೆಯದೆ ನಡೆಯುತ್ತಿದ್ದುದನ್ನು ಈಗ ಬರೆದು, ಕೆಳಗೆ ಸೀಲ್ ಹೊಡೆದಿದ್ದರು. ಚಿಂದಿ ಆದ ಮೇಲೆ ನಾವು, ನಾವಾದ ಮೇಲೆ ಅಂಗಿ.

ಮುಂದಿನ ಗುರುವಾರ ಲಿಖಿತ್ ಟ್ರೇ ಹಿಡಿದು ಬಂದ. ಶ್ಯಾಮಲಾ ಸಿಸ್ಟರ್ ಪಾಪಯ್ಯನ ಮಂಚದ ಹೊಸಬಳ ಬಳಿ ಇದ್ದರು. ಹುಡುಗ ಬಟ್ಟೆಯ ಕೈಗೆ ಐವತ್ತು ಸಲ ತಪ್ಪದೆ ಚುಚ್ಚಿದ್ದ. ಅವನಿಗೆ ಬರುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

“ಅಕ್ಕ, ಚುಚ್ಲಾ?” ಅಂದ.

ಎರಡು ವರ್ಷದಲ್ಲಿ ನನ್ನನ್ನು ಹಾಗೆ ಯಾರೂ ಕೇಳಿರಲಿಲ್ಲ. ಆದರೂ ಕೈಯನ್ನು ಹೊದಿಕೆಯೊಳಗೆ ಸೇರಿಸಿದೆ.

“ನಿನ್ನ ಮ್ಯಾಲೆ ಸಿಟ್ಟಿಲ್ಲ ತಮ್ಮಾ. ಮದ್ಲ ಆ ಕಡೆ ಒಂದು ಕೈಗೆ ಚುಚ್ಚಿ ಬಾ.”

“ಅಕ್ಕ, ಗೋಡೆ ಮೇಲೆ ಹಾಕಿದಾರಲ್ಲ.”

“ಅದಕ್ಕ ಹೇಳಿದ್ದು.”

ಹೊಸಬಳದೊಂದು ಬಿಟ್ಟು ಗೋಡೆ ಕಡೆಯ ಕೈಗಳೆಲ್ಲ ಮತ್ತೆ ಒಳಗೆ ಹೋದವು. ನಂದೀಶ ಬಂದು ಅರಚಿದ. ಅವನು ಈಗ ಕಂದು ಪ್ಯಾಂಟು ಹಾಕುತ್ತಿದ್ದ. ಕಾರ್ಡ್ ರದ್ದು ಮಾಡಿಸುತ್ತೇನೆ ಅಂದ. ನಾನು ಸುಮ್ಮನೆ ಕೂತೆ. ಗೋಡೆಯ ಗಡಿಯಾರದಲ್ಲಿ ನಲವತ್ತು ನಿಮಿಷ ಹೋಯಿತು. ಕಾಲು ಊದಿ ಕಲ್ಲಾಗಿತ್ತು, ಉಸಿರು ಅರ್ಧಕ್ಕೆ ನಿಲ್ಲುತ್ತಿತ್ತು. ಇನ್ನು ಅರ್ಧ ಗಂಟೆ ಹೋದರೆ ನಾನೇ ಸೋತು ಕೈ ತೆಗೆಯುತ್ತಿದ್ದೆನೇನೋ. ಸುಳ್ಳೇಕೆ ಹೇಳಲಿ.

ಹೊಸಬಳ ನಾಳ ಸಿಗದೆ ಶ್ಯಾಮಲಾ ಸಿಸ್ಟರ್ ಅಲ್ಲೇ ಬೆವರುತ್ತಿದ್ದರು. ಚಿಕ್ಕಬೈರಪ್ಪನವರು ಗಡಿಯಾರ ನೋಡಿ ಚಡಪಡಿಸಿದರು. ಮಧ್ಯಾಹ್ನ ಒಂದು ಗಂಟೆಗೆ ಅವರಿಗೆ ನೆಲಮಂಗಲದಲ್ಲಿ ಯಾವುದೋ ಜಮೀನಿನ ರಿಜಿಸ್ಟ್ರೇಷನ್ ಇತ್ತು.

“ಇನ್ನೂ ಎಷ್ಟೊತ್ತವ್ವ ಶ್ಯಾಮಲಾ?”

“ಅರ್ಧ ಗಂಟೆ ಆಗತ್ತೆ ಸಾರ್.”

ಅವರು ನನ್ನ ಕಡೆ ನೋಡಿದರು, ಲಿಖಿತನ ಕಡೆ ನೋಡಿದರು, ಮತ್ತೆ ಗಡಿಯಾರ ನೋಡಿದರು. “ಏ ಬಾರೋ ಹುಡ್ಗ ಇಲ್ಲಿ. ತಿಂಗ್ಳಿಂದ ನೋಡ್ತ ಇವ್ನಿ ನಿನ್ನ. ಚುಚ್ಚತ್ಲಾಗೆ.”

“ಸಾರ್, ರೂಲ್ಸು,” ಅಂದ ನಂದೀಶ.

“ನಿನ್ ರೂಲ್ಸ್ ನೀನೇ ಇಟ್ಕಳಯ್ಯ. ಸಬ್ ರಿಜಿಸ್ಟ್ರಾರು ಕಾಯ್ತಾನಾ ನಂಗೆ?”

ಲಿಖಿತ್ ಹಾಲ್ ದಾಟಿ ಹೋದ. ಗೋಡೆ ಕಡೆಯವರೆಲ್ಲ ಅವನ ಬೆನ್ನು ನೋಡಿದೆವು. ಅವನು ಬೆರಳಿಟ್ಟು ನೋಡಿದ, ಸೂಜಿ ಮಲಗಿಸಿದ, ಕಣ್ಣು ಮುಚ್ಚಲಿಲ್ಲ. ಕೊಳವೆಯಲ್ಲಿ ಕೆಂಪು ಬಂತು. ಎರಡನೆಯದೂ ಹೋಯಿತು. ಚಿಕ್ಕಬೈರಪ್ಪನವರು ಒಂದು ಕಣ್ಣು ತೆರೆದರು.

“ಆಯ್ತಾ? ಗೊತ್ತೇ ಆಗ್ಲಿಲ್ವಲ್ಲೋ.”

ಲಿಖಿತ್ ಕೈಗವಸು ಬಿಚ್ಚಿ ಎಸೆದು, ಸೋಪು ಹಾಕಿ ಕೈ ತೊಳೆದು, ಹೊಸ ಕೈಗವಸು, ಹೊಸ ಸೂಜಿ ತೆಗೆದುಕೊಂಡು ನನ್ನ ಬಳಿಗೆ ಬಂದು ನಿಂತ. ಕಾದ. ನಾನು ಹೊದಿಕೆ ಸರಿಸಿ ಬಲಗೈ ಚಾಚಿದೆ. ರೇಷನ್ನಿಗೆ, ನೀರಿಗೆ, ಆಸ್ಪತ್ರೆಗೆ, ಹುಟ್ಟಿದಾಗಿನಿಂದ ಇಂಥವರ ಹಿಂದೆ ನಿಂತು ನಿಂತು ಸಾಕಾಗಿದ್ದ ನಾನು, ಅವತ್ತು ಚಿಕ್ಕಬೈರಪ್ಪನವರ ಹಿಂದೆ ಎರಡನೆಯವಳಾದದ್ದಕ್ಕೆ ಹೊಟ್ಟೆ ತುಂಬ ನಕ್ಕೆ.